ನಾಲ್ಕನೇ ಬೋರ್ಡಿನ ಆ ಅರ್ಧ ಅಂಕ

ಪ್ರಶ್ನೆ: ನನ್ನ ಮಗಳು ತಿಪಟೂರಿನಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದಾಳೆ. ಹೋದ ತಿಂಗಳು ತುಮಕೂರಿನಲ್ಲಿ ಕಾಲೇಜು ಹುಡುಗಿಯರ ತಂಡ ಚೆಸ್ ಪಂದ್ಯಾವಳಿ ಇತ್ತು. ಒಂದೊಂದು ತಂಡಕ್ಕೆ ನಾಲ್ಕು ಬೋರ್ಡು. ಇವಳದು ನಾಲ್ಕನೇ ಬೋರ್ಡು, ಕಪ್ಪು ಕಾಯಿ. ಕೊನೆಯ ಸುತ್ತಿನಲ್ಲಿ ಒಂದನೇ ಬೋರ್ಡಿನ ಹುಡುಗಿ ಸೋತಳು, ಎರಡು ಮತ್ತು ಮೂರನೆಯವರು ಗೆದ್ದರು. 2–1 ಮುಂದಿದ್ದೆವು. ಇವಳ ಆಟ ಮಾತ್ರ ಉಳಿದಿತ್ತು, ಡ್ರಾ ಆದರೆ ಸಾಕಿತ್ತು. ಇವಳು ಸೋತಳು. 2–2 ಆಗಿ ಮೊದಲ ಸ್ಥಾನ ಒಂದು ಅಂಕದಲ್ಲಿ ತಪ್ಪಿತು. 24ನೇ ನಡೆಯಲ್ಲಿ ಎದುರಿನ ಹುಡುಗಿ ಡ್ರಾ ಕೇಳಿದ್ದಳಂತೆ. ಆಗ ಯಾವ ಬೋರ್ಡೂ ಮುಗಿದಿರಲಿಲ್ಲ. ಇವಳು ತಂಡದ ಜೊತೆ ಹೋಗಿದ್ದ ಪಿ.ಡಿ. (ದೈಹಿಕ ಶಿಕ್ಷಣ) ಸರ್ ಹತ್ತಿರ ಕೇಳಿದ್ದಾಳೆ, ಅವರು "ನಿನ್ನಿಷ್ಟ ಕಣಮ್ಮ" ಅಂದಿದ್ದಾರೆ. ಇವಳು ಡ್ರಾ ಬೇಡ ಅಂದಳು. ಈಗ ಎಲ್ಲರೂ "ನಿನ್ನ ದುರಾಸೆಯಿಂದ ಕಪ್ ಹೋಯ್ತು" ಅನ್ನುತ್ತಿದ್ದಾರೆ. ಮನೆಯಲ್ಲಿ ಬೋರ್ಡ್ ಮುಟ್ಟುತ್ತಿಲ್ಲ. ನನಗೆ ಕಾಯಿ ನಡೆಸುವುದು ಬಿಟ್ಟರೆ ಹೆಚ್ಚೇನೂ ಬರುವುದಿಲ್ಲ. ಸ್ಕೋರ್‌ಶೀಟಿನ ಫೋಟೋ ಕಳಿಸಿದ್ದೇನೆ. ತಪ್ಪು ಇವಳದೇನಾ? ಇನ್ನು ಮುಂದೆ ತಂಡದಲ್ಲಿ ಆಡಿಸಬೇಕಾ, ಬಿಡಿಸಬೇಕಾ?
— ಒಬ್ಬ ತಾಯಿ, ತಿಪಟೂರು ತಾಲ್ಲೂಕು

ಉತ್ತರ: ಆಡಿಸಿ. ಖಂಡಿತ ಆಡಿಸಿ. ಕಾರಣ ಹೇಳುತ್ತೇನೆ.

ನೀವು ಕಳಿಸಿದ ಫೋಟೋ ಇಟ್ಟುಕೊಂಡು ಇಡೀ ಆಟವನ್ನು ಬೋರ್ಡಿನ ಮೇಲೆ ಮೂರು ಸಲ ಆಡಿ ನೋಡಿದೆ. 71 ನಡೆಯ ಆಟ. ತಲಾ 60 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಸೇರುವ ಗಡಿಯಾರ. ಅಂದರೆ ಹೆಚ್ಚುಕಡಿಮೆ ಮೂರು ಗಂಟೆ ಕೂತಿದ್ದಾಳೆ ನಿಮ್ಮ ಹುಡುಗಿ. ಅಷ್ಟು ಹೊತ್ತೂ ಒಂದು ನಡೆ ಬಿಡದೆ ಬರೆದಿದ್ದಾಳೆ. ಮೊದಲ ಪುಟದಲ್ಲಿ ಅಕ್ಷರ ಮುತ್ತಿನ ಹಾಗಿದೆ. 50ನೇ ನಡೆಯಿಂದ ಆಚೆಗೆ ಅಕ್ಷರ ಓರೆಯಾಗುತ್ತದೆ, ಗೆರೆ ದಾಟುತ್ತದೆ. 58ನೇ ನಡೆಯ ಮನೆಯಲ್ಲಿ ಒಂದು ಹೊಡೆದುಹಾಕಿದ ಗುರುತು ಇದೆ. ಆ ಗುರುತಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಈ ಆಟದ ಕಥೆಯೆಲ್ಲ ಅಲ್ಲೇ ಇದೆ.

ಮೊದಲು ಆ ಡ್ರಾ ವಿಷಯ. ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದಾರೆ ಅಲ್ವಾ?

24ನೇ ನಡೆಯಲ್ಲಿ ಬೋರ್ಡ್ ಹೇಗಿತ್ತು ನೋಡಿದೆ. ಎರಡೂ ಕಡೆ ಪಾನ್ ಸಮ. ಇಬ್ಬರಿಗೂ ಎರಡೆರಡು ಆನೆ. ನಿಮ್ಮ ಮಗಳ ಕುದುರೆ ಡಿ4 ಮನೆಯಲ್ಲಿ (ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ ಎಯಿಂದ ಎಚ್, ಕೆಳಗಿನಿಂದ ಮೇಲಕ್ಕೆ 1ರಿಂದ 8) ಗಟ್ಟಿಯಾಗಿ ಕೂತಿತ್ತು, ಅದನ್ನು ಓಡಿಸಲು ಎದುರಿನವಳ ಹತ್ತಿರ ಪಾನ್ ಇರಲಿಲ್ಲ. ಅವಳ ಒಂಟೆ ತನ್ನದೇ ಪಾನುಗಳ ಹಿಂದೆ ಸಿಕ್ಕಿಕೊಂಡಿತ್ತು. ಇಂಥ ಜಾಗದಲ್ಲಿ ಬಿಳಿ ಕಾಯಿಯವಳೇ ಡ್ರಾ ಕೇಳಿದ್ದಾಳೆ ಅಂದರೆ ಅವಳಿಗೇ ಸ್ವಲ್ಪ ಅಳುಕು ಬಂದಿತ್ತು ಅಂತ ಅರ್ಥ. ನಾನು ಪಕ್ಕದಲ್ಲಿ ಕೂತಿದ್ದರೂ "ಆಡು" ಅಂತಲೇ ಅನ್ನುತ್ತಿದ್ದೆ. ಆಗ ಅಂಕ 0–0. ಮೂರು ಬೋರ್ಡುಗಳಲ್ಲಿ ಏನಾಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಎರಡು ಗಂಟೆ ಆದಮೇಲೆ ಬಂದ 2–1 ಅನ್ನುವ ಲೆಕ್ಕವನ್ನು ಹಿಂದಕ್ಕೆ ಒಯ್ದು, ಆ ತಕ್ಕಡಿಯಲ್ಲಿ 24ನೇ ನಡೆಯನ್ನು ತೂಗುವುದು ನ್ಯಾಯ ಅಲ್ಲ.

ಇನ್ನೊಂದು ಮಾತು. ದೇಶದೇಶಗಳ ತಂಡಗಳು ಆಡುವ ಚೆಸ್ ಒಲಿಂಪಿಯಾಡಿನಲ್ಲಾಗಿದ್ದರೆ ಆ ಡ್ರಾ ಒಪ್ಪಿಕೊಳ್ಳುವ ಹಾಗೇ ಇರಲಿಲ್ಲ. ಅಲ್ಲಿ 30 ನಡೆ ಆಗುವ ಮುಂಚೆ ಇಬ್ಬರೂ ಮಾತಾಡಿಕೊಂಡು ಡ್ರಾ ಮಾಡಿಕೊಳ್ಳುವಂತಿಲ್ಲ. ಆಟ ಆಡಲಿ ಅಂತಲೇ ಆ ನಿಯಮ. ನಿಮ್ಮ ಮಗಳು ತಾನಾಗಿಯೇ ಅದನ್ನು ಮಾಡಿದಳು. ಅದಕ್ಕೆ ದುರಾಸೆ ಅನ್ನುವ ಹೆಸರು ಕೊಡಬೇಡಿ.

ಪಿ.ಡಿ. ಸರ್ ಹೇಳಿದ್ದು ಸರೀನಾ? ನಿಯಮದ ಪ್ರಕಾರ ಸರಿ. ತಂಡದ ಆಟದಲ್ಲಿ ಕ್ಯಾಪ್ಟನ್‌ಗೆ, ಇಲ್ಲಿ ಪಿ.ಡಿ. ಸರ್‌ಗೆ, ಒಂದು ಸಣ್ಣ ಅಧಿಕಾರ ಇರುತ್ತದೆ. ಬೋರ್ಡಿನ ಮೇಲೆ ಏನಿದೆ, ಯಾವ ಕಾಯಿ ನಡೆಸಬೇಕು ಅಂತ ಒಂದಕ್ಷರ ಹೇಳುವಂತಿಲ್ಲ. ಆದರೆ ಡ್ರಾ ಒಪ್ಪಿಕೊಳ್ಳಲಾ ಅಂತ ಆಟಗಾರ್ತಿ ಕೇಳಿದರೆ "ಹೂಂ" ಅನ್ನಬಹುದು, "ಬೇಡ" ಅನ್ನಬಹುದು, ಇಲ್ಲ ಅವಳಿಗೇ ಬಿಡಬಹುದು. ಅವರು ಮೂರನೆಯದನ್ನು ಮಾಡಿದರು. ನನ್ನ ತಕರಾರು ಅದರ ಬಗ್ಗೆ ಅಲ್ಲ. ಸುತ್ತು ಶುರುವಾಗುವ ಮೊದಲು ಐದು ನಿಮಿಷ ನಾಲ್ಕೂ ಜನರನ್ನು ಕೂರಿಸಿಕೊಂಡು ಮಾತಾಡಬೇಕಿತ್ತು. "ಇವತ್ತು ನಮಗೆ ಎಷ್ಟು ಬೇಕು? ಯಾರು ಗೆಲ್ಲಲು ನೋಡಬೇಕು, ಯಾರು ಭದ್ರವಾಗಿ ಕೂರಬೇಕು? ಎರಡು ಅಂಕ ಬಂದ ಮೇಲೆ ಉಳಿದವರು ಏನು ಮಾಡಬೇಕು?" ಇಷ್ಟೇ. ಆ ಮಾತು ಆಗಿರದಿದ್ದರೆ, ಕೊನೆಗೆ ಉಳಿದ ಹುಡುಗಿಯ ತಲೆ ಮೇಲೆ ಇಡೀ ತಂಡದ ಲೆಕ್ಕ ಬೀಳುತ್ತದೆ. ಇಲ್ಲಿ ಆಗಿದ್ದೂ ಅದೇ.

ತಂಡ ಚೆಸ್ಸಿನಲ್ಲಿ ಅರ್ಧ ಅಂಕದ ಬೆಲೆ ಗಂಟೆಗೊಂದು ಸಲ ಬದಲಾಗುತ್ತದೆ. ಒಬ್ಬರೇ ಆಡುವ ಪಂದ್ಯದಲ್ಲಿ ಡ್ರಾ ಅಂದರೆ ಅರ್ಧ, ಅಷ್ಟೇ. ನಾಲ್ಕು ಬೋರ್ಡಿನ ತಂಡದಲ್ಲಿ ಎರಡೂವರೆ ಬಂದರೆ ಪಂದ್ಯ ನಮ್ಮದು. ಗೆದ್ದ ತಂಡಕ್ಕೆ 2 ಅಂಕ, ಸಮ ಆದರೆ 1, ಸೋತರೆ ಸೊನ್ನೆ. 0–0 ಇದ್ದಾಗ ಸುಮ್ನೆ ಅರ್ಧ ಅನ್ನಿಸುವುದು, 2–1 ಆದಾಗ ಇಡೀ ಪಂದ್ಯದಷ್ಟು ತೂಕದ್ದು. ಮಗಳಿಗೆ 2–1 ಆಗಿದೆ ಅಂತ ಗೊತ್ತಿತ್ತಾ? ಕೇಳಿ ನೋಡಿ. ನನ್ನ ಊಹೆ, ಗೊತ್ತಿರಲಿಲ್ಲ, ಇಲ್ಲ ತೀರಾ ತಡವಾಗಿ ಗೊತ್ತಾಗಿದೆ. 40ನೇ ನಡೆಯ ಆಸುಪಾಸು ಅವಳು ಗೆಲ್ಲುವುದಕ್ಕೇ ಆಡಿದ್ದಾಳೆ, ಅದರಲ್ಲೇ ಒಂದು ಪಾನ್ ಕಳೆದುಕೊಂಡಳು. ಅಷ್ಟು ಹೊತ್ತಿಗೆ ಅಂಕ ತಿಳಿದಿದ್ದರೆ ಕಾಯಿಗಳನ್ನು ಬದಲಾಯಿಸಿಕೊಂಡು ತಣ್ಣಗೆ ಕೂರಬಹುದಿತ್ತು. ಎದುರಿನವಳು ಯೋಚಿಸುತ್ತಿರುವಾಗ ಎದ್ದು ಹೋಗಿ ತನ್ನ ತಂಡದ ಮಿಕ್ಕ ಬೋರ್ಡುಗಳನ್ನು ನೋಡಿ ಬರಲು ಅಡ್ಡಿಯಿಲ್ಲ. ಆಟದ ಬಗ್ಗೆ ಮಾತಾಡಬಾರದು, ಯಾರಿಗೂ ತೊಂದರೆ ಆಗಬಾರದು, ಅಷ್ಟೇ. ನಮ್ಮ ಹುಡುಗಿಯರು ಎಷ್ಟೋ ಜನ ಏಳುವುದೇ ಇಲ್ಲ. ಕುರ್ಚಿ ಸದ್ದಾಗುತ್ತದೆ, ಯಾರಾದರೂ ಬೈಯುತ್ತಾರೆ ಅಂತ ಮೂರು ಗಂಟೆ ಹಾಗೇ ಕೂತಿರುತ್ತಾರೆ. ಏಳಲು ಹೇಳಿಕೊಡಬೇಕು.

ಈಗ ಆ ಹೊಡೆದುಹಾಕಿದ ಗುರುತಿಗೆ ಬರೋಣ. ಇದಕ್ಕೆ ನೀವು ಬೋರ್ಡ್ ತೆಗೆದಿಟ್ಟುಕೊಳ್ಳಬೇಕು. ಕಾಯಿ ನಡೆಸಲು ಬಂದರೆ ಸಾಕು, ಮಿಕ್ಕದ್ದು ನಾನು ಹೇಳುತ್ತೇನೆ.

57ನೇ ನಡೆ. ಬೋರ್ಡಿನ ಮೇಲೆ ಐದೇ ಕಾಯಿ ಉಳಿದಿವೆ. ಬಿಳಿ ರಾಜ ಡಿ5 ಮನೆಯಲ್ಲಿ. ಬಿಳಿ ಪಾನ್ ಇ5ಕ್ಕೆ ಈಗ ತಾನೇ ಬಂದಿದೆ. ಬಿಳಿ ಆನೆ ಎ7ರಲ್ಲಿ. ನಿಮ್ಮ ಮಗಳ ಕಪ್ಪು ರಾಜ ಇ8ರಲ್ಲಿ, ಕಪ್ಪು ಆನೆ ಬಿ1ರಲ್ಲಿ. ನಡೆ ಇವಳದು.

ಒಂದು ಪಾನ್ ಕಡಿಮೆ ಇದೆ ಅಂತ ಗಾಬರಿ ಆಗಬೇಡಿ. ಇದು ಡ್ರಾ. ಸರಿಯಾಗಿ ಆಡಿದರೆ ಜಗತ್ತಿನ ಯಾವ ಚಾಂಪಿಯನ್ ಎದುರು ಕೂತರೂ ಡ್ರಾ. 18ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಫಿಲಿಡೋರ್ ಅಂತ ಒಬ್ಬರಿದ್ದರು. ಸಂಗೀತ ನಾಟಕಗಳಿಗೆ ಸಂಗೀತ ಕಟ್ಟುವುದು ಅವರ ಕಸುಬು, ಚೆಸ್ಸಿನಲ್ಲಿ ಆ ಕಾಲಕ್ಕೆ ಅವರೇ ಮೇಲು. ಈ ಜಾಗವನ್ನು ಅವರು 1777ರಲ್ಲೇ ಬಿಡಿಸಿ ತೋರಿಸಿದ್ದರು. ಇವತ್ತಿಗೂ ಅವರ ಹೆಸರಲ್ಲೇ ಕರೆಯುತ್ತಾರೆ.

ಉಪಾಯ ಏನು ಅಂದರೆ, ಕಪ್ಪು ಆನೆಯನ್ನು ಬಿ1ರಿಂದ ಬಿ6ಕ್ಕೆ ತಂದು ಇಡುವುದು. ಆರನೇ ಅಡ್ಡ ಸಾಲಿಗೆ ಬೇಲಿ ಹಾಕಿದ ಹಾಗೆ. ಬಿಳಿ ರಾಜ ಆ ಬೇಲಿ ದಾಟಿ ಮುಂದೆ ಬರುವಂತಿಲ್ಲ. ರಾಜ ಮುಂದೆ ಬರದೆ ಪಾನ್ ಒಂದೇ ಏನೂ ಮಾಡಲಾರದು. ಆಮೇಲೆ ಇವಳು ಮಾಡಬೇಕಾದ್ದು ಆ ಸಾಲಿನಲ್ಲೇ ಆನೆಯನ್ನು ಬಿ6, ಜಿ6, ಎಚ್6 ಅಂತ ಆಚೆ ಈಚೆ ಸರಿಸುತ್ತಾ ಕೂರುವುದು. ಬಿಳಿ ರಾಜನ ಪಕ್ಕದ ಮನೆಗೆ ಹೋಗಬಾರದು, ಬಿಳಿ ಆನೆ ಎ7ರಲ್ಲಿ ಇರುವಾಗ ಎ6ಕ್ಕೆ ಹೋಗಬಾರದು, ಅಷ್ಟು ಎಚ್ಚರ ಸಾಕು. ಬಿಳಿ ಕಡೆಯವಳಿಗೆ ಬೇಜಾರಾಗಿ ಒಂದಲ್ಲ ಒಂದು ಹೊತ್ತಿನಲ್ಲಿ ಪಾನನ್ನು ಇ6ಕ್ಕೆ ತಳ್ಳುತ್ತಾಳೆ. ತಳ್ಳಿದ ಕೂಡಲೇ ಇವಳ ಆನೆ ಆರನೇ ಸಾಲು ಬಿಟ್ಟು ಸೀದಾ ಕೆಳಗೆ, ಒಂದನೇ ಸಾಲಿಗೆ ಓಡಬೇಕು. ಈಗ ಹಿಂದಿನಿಂದ ಚೆಕ್, ಚೆಕ್, ಚೆಕ್. ಬಿಳಿ ರಾಜ ಅಡಗಿಕೊಳ್ಳಲು ಇದ್ದ ಒಂದೇ ಜಾಗ ಇ6. ಅಲ್ಲಿ ಈಗ ಅವನದೇ ಪಾನ್ ನಿಂತಿದೆ. ಡ್ರಾ.

ಇದರಲ್ಲಿ ಕಷ್ಟ ಏನು ಗೊತ್ತಾ? ಏನೂ ಮಾಡದೆ ಕಾಯುವುದು. ನೀವು ತಿಪಟೂರಿನವರು, ಉಂಡೆ ಕೊಬ್ಬರಿ ಅಂದರೇನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಕಾಯಿ ಅಟ್ಟಕ್ಕೆ ಹಾಕಿದ ಮೇಲೆ ತಿಂಗಳುಗಟ್ಟಲೆ ಬಿಡಬೇಕು. ನಡುವೆ ಒಡೆದು ನೋಡಿದರೆ ಕೊಬ್ಬರಿಯೂ ಇಲ್ಲ, ಕಾಯಿಯೂ ಇಲ್ಲ. ಆನೆಯನ್ನು ಆರನೇ ಸಾಲಿನಲ್ಲಿ ಇಟ್ಟು ಕಾಯುವುದೂ ಹಾಗೇ. ಮೂರು ಗಂಟೆ ಆಡಿ ಸುಸ್ತಾದ ಹುಡುಗಿಗೆ "ಏನಾದರೂ ಮಾಡಬೇಕು" ಅನ್ನಿಸುತ್ತದೆ. ನಿಮ್ಮ ಮಗಳಿಗೂ ಅನ್ನಿಸಿತು. ಅವಳು ಆನೆಯನ್ನು ಇ1ಕ್ಕೆ ತಂದು ಪಾನಿನ ಹಿಂದೆ ನಿಲ್ಲಿಸಿದಳು.

ಅದೂ ಸೋಲುವ ನಡೆ ಅಲ್ಲ! ಇದನ್ನು ಅವಳಿಗೆ ಒತ್ತಿ ಹೇಳಿ. ದಾರಿ ಕಿರಿದಾಯಿತು, ಮುಚ್ಚಲಿಲ್ಲ.

ಎದುರಿನವಳು 58ನೇ ನಡೆಯಲ್ಲಿ ರಾಜನನ್ನು ಇ6ಕ್ಕೆ ತಂದಳು. ಈಗ ಅವಳ ಆನೆ ಎ8ಕ್ಕೆ ಬಂದರೆ ಚೆಕ್‌ಮೇಟ್. ಆದ್ದರಿಂದ ಕಪ್ಪು ರಾಜ ಇ8 ಬಿಟ್ಟು ಕದಲಲೇಬೇಕು. ಎರಡೇ ಮನೆ. ಒಂದು ಎಫ್8, ಇನ್ನೊಂದು ಡಿ8. ಒಂದರಲ್ಲಿ ಡ್ರಾ, ಒಂದರಲ್ಲಿ ಸೋಲು.

ಅವಳು ಆಡಿದ್ದು ಡಿ8. ಅದು ಸೋಲಿನ ಮನೆ. ಎದುರಿನವಳು ಎ8ರಲ್ಲಿ ಚೆಕ್ ಕೊಟ್ಟಳು, ಕಪ್ಪು ರಾಜ ಸಿ7ಕ್ಕೆ ಹೋಗಬೇಕಾಯಿತು. ಬಿಳಿ ಆನೆ ಇ8ಕ್ಕೆ ಬಂದು ಪಾನಿನ ಬೆಂಬಲಕ್ಕೆ ನಿಂತಿತು. ಅಲ್ಲಿಂದ ಮುಂದೆ ನಾನು ಕೂತಿದ್ದರೂ ಉಳಿಸಲಾಗುತ್ತಿರಲಿಲ್ಲ. 71ನೇ ನಡೆಯಲ್ಲಿ ಸೋಲೊಪ್ಪಿ ಕೈಕುಲುಕಿದ್ದಾಳೆ.

ಆದರೆ ಸ್ಕೋರ್‌ಶೀಟಿನಲ್ಲಿ 58ರ ಮನೆ ನೋಡಿ. ಫೋಟೋ ದೊಡ್ಡದು ಮಾಡಿಕೊಂಡು ನೋಡಿ. ಡಿ8 ಅಂತ ಬರೆದಿರುವುದರ ಪಕ್ಕದಲ್ಲಿ ಹೊಡೆದುಹಾಕಿದ ಅಕ್ಷರ ಇದೆ. ಎರಡು ಗೆರೆ ಎಳೆದಿದ್ದಾಳೆ, ಆದರೂ ಕೆಳಗೆ ಕಾಣುತ್ತದೆ. ಅದು ಎಫ್8.

ಅವಳ ಕೈ ಮೊದಲು ಸರಿಯಾದ ನಡೆಯನ್ನೇ ಬರೆದಿತ್ತು.

ಒಂದು ನಿಯಮದ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನಡೆಯನ್ನು ಆಡುವ ಮೊದಲೇ ಬರೆಯುವುದಕ್ಕೆ ಈಗಿನ ನಿಯಮದಲ್ಲಿ ಅವಕಾಶ ಇಲ್ಲ. ಡ್ರಾ ಹಕ್ಕು ಕೇಳುವಾಗ ಮಾತ್ರ ಬರೆಯಬಹುದು. ಮೊದಲು ಆಡಬೇಕು, ಆಮೇಲೆ ಬರೆಯಬೇಕು. ಆರ್ಬಿಟರ್ (ಪಂದ್ಯದ ತೀರ್ಪುಗಾರರು) ನೋಡಿದ್ದರೆ ಎಚ್ಚರಿಸುತ್ತಿದ್ದರು. ಆ ಅಭ್ಯಾಸ ಬಿಡಿಸಿ. ಆದರೆ ಈ ಸಲ ಆ ತಪ್ಪಿನಿಂದಲೇ ನನಗೆ ಒಂದು ವಿಷಯ ಗೊತ್ತಾಯಿತು. ಅವಳಿಗೆ ಆಟ ಬರುವುದಿಲ್ಲ ಅಂತಲ್ಲ. ಸರಿಯಾದ್ದು ಹೊಳೆದಿತ್ತು, ಯಾಕೆ ಸರಿ ಅಂತ ಗೊತ್ತಿರಲಿಲ್ಲ. ಹಾಗಾಗಿ ನಂಬಿಕೆ ಬರಲಿಲ್ಲ. "ರಾಜ ಅಂಚಿಗೆ ಹೋಗಬಾರದು, ನಡುವಿಗೆ ಹತ್ತಿರ ಇರಬೇಕು" ಅಂತ ಚಿಕ್ಕಂದಿನಿಂದ ಕೇಳಿದ ಪಾಠ ನೆನಪಾಗಿರಬೇಕು, ಗೆರೆ ಎಳೆದು ಡಿ8 ಮಾಡಿದ್ದಾಳೆ.

ಯಾಕೆ ಎಫ್8 ಸರಿ ಅಂತ ನೀವೇ ಅವಳಿಗೆ ಹೇಳಿ, ಸುಲಭ ಇದೆ. ಪಾನ್ ಇರುವುದು ಇ ಸಾಲಿನಲ್ಲಿ. ಅದರ ಒಂದು ಪಕ್ಕ ಎಫ್, ಜಿ, ಎಚ್ ಅಂತ ಮೂರು ಸಾಲು. ಇನ್ನೊಂದು ಪಕ್ಕ ಡಿ, ಸಿ, ಬಿ, ಎ ಅಂತ ನಾಲ್ಕು ಸಾಲು. ರಾಜ ಚಿಕ್ಕ ಪಕ್ಕಕ್ಕೆ ಹೋಗಬೇಕು, ದೊಡ್ಡ ಪಕ್ಕವನ್ನು ಆನೆಗೆ ಬಿಟ್ಟುಕೊಡಬೇಕು. ಆನೆ ದೂರದಿಂದ ಅಡ್ಡಕ್ಕೆ ಚೆಕ್ ಕೊಡಲು ಜಾಗ ಬೇಕು. ಹತ್ತಿರದಿಂದ ಕೊಟ್ಟರೆ ಬಿಳಿ ರಾಜ ಎರಡು ಹೆಜ್ಜೆಯಲ್ಲಿ ಆನೆಯ ಮೇಲೇ ಬಂದುಬಿಡುತ್ತಾನೆ. ದೂರ ಇದ್ದರೆ ತಲುಪಲಾರ. ಎಫ್8 ಆಡಿದ್ದರೆ ಎ8ರಲ್ಲಿ ಚೆಕ್ ಬರುತ್ತಿತ್ತು, ರಾಜ ಜಿ7ಕ್ಕೆ. ಆಮೇಲೆ ಬಿಳಿ ಆನೆ ಇ8ಕ್ಕೆ ಬಂದರೆ, ಇವಳ ಆನೆ ಇ1ರಿಂದ ಎ1ಕ್ಕೆ. ದೊಡ್ಡ ಪಕ್ಕದ ಕೊನೆಯ ಸಾಲು. ಅಲ್ಲಿಂದ ಚೆಕ್ ಕೊಡುತ್ತಾ ಹೋದರೆ ಬಿಳಿಯವಳಿಗೆ ದಾರಿ ಇಲ್ಲ. ಬಿಳಿ ರಾಜ ಡಿ6ಕ್ಕೆ ಹೋದರೆ ಇವಳ ರಾಜ ಎಫ್7ಕ್ಕೆ, ಮತ್ತೆ ಪಾನಿನ ಪಕ್ಕಕ್ಕೇ ಬರುತ್ತಾನೆ.

ನನಗೂ ಇದು ಪುಸ್ತಕದಿಂದ ಬಂದಿದ್ದಲ್ಲ. ಕಾಲೇಜಿನಲ್ಲಿದ್ದಾಗ ಹೀಗೇ ಒಂದು ತಂಡ ಪಂದ್ಯ. ನಾನು ಎರಡನೇ ಬೋರ್ಡು. ಪಾನ್ ಕಡಿಮೆ ಇತ್ತು, ಆನೆಯನ್ನು ಆರನೇ ಸಾಲಿಗೆ ತರುವ ಬದಲು ರಾಜನ ಪಕ್ಕದಲ್ಲಿ ಎಂಟನೇ ಸಾಲಿನಲ್ಲಿ ಕೂರಿಸಿದೆ, ಕಾವಲು ಕಾಯುತ್ತೆ ಅಂತ. ಆನೆ ಅಲ್ಲೇ ಉಸಿರುಕಟ್ಟಿ ಸತ್ತಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಅಂತ ಎಲ್ಲರೂ ಇಳಿದರು, ನಾನು ಇಳಿಯಲಿಲ್ಲ. ನಮ್ಮ ಮೂರನೇ ಬೋರ್ಡಿನ ಹುಡುಗಿ ಎಲೆಯಲ್ಲಿ ಎರಡು ಇಡ್ಲಿ ಕಟ್ಟಿಸಿಕೊಂಡು ಬಂದು ಕೈಗೆ ಕೊಟ್ಟು, ಬೇರೇನೂ ಮಾತಾಡದೆ "ಆ ಆನೆ ಎಲ್ಲಿ ಇಡಬೇಕಿತ್ತು, ನಾಳೆ ನೋಡೋಣ" ಅಂದಳು. ನೋಡಿದೆವು. ಆಮೇಲೆ ನಾನು ಆ ಜಾಗದಲ್ಲಿ ಮತ್ತೆ ಸೋತಿಲ್ಲ. ಇಷ್ಟು ವರ್ಷ ಆಯಿತು, ಆ ಪಂದ್ಯದ ಅಂಕ ಮರೆತಿದ್ದೇನೆ. ಆ ಎರಡು ಇಡ್ಲಿ ಮರೆತಿಲ್ಲ. ನಿಮ್ಮ ಮಗಳಿಗೆ ಅವಳ ತಂಡದಲ್ಲಿ ಅಂಥ ಒಬ್ಬಳಾದರೂ ಗೆಳತಿ ಇರಲಿ ಅಂತ ನನ್ನ ಆಸೆ.

ನೀವು ಅವಳಿಗೆ ಇನ್ನೊಂದು ಕಥೆ ಹೇಳಬೇಕು. ಇದು ನಮ್ಮ ದೇಶದ ಹೆಣ್ಣುಮಕ್ಕಳ ತಂಡದ್ದು.

2022ರಲ್ಲಿ ಚೆನ್ನೈ ಹತ್ತಿರದ ಮಾಮಲ್ಲಪುರಂನಲ್ಲಿ ಒಲಿಂಪಿಯಾಡ್ ನಡೆಯಿತು. ನಮ್ಮ ಮಹಿಳಾ ಎ ತಂಡದಲ್ಲಿ ಕೊನೇರು ಹಂಪಿ, ದ್ರೋಣವಲ್ಲಿ ಹಾರಿಕಾ, ವೈಶಾಲಿ, ತಾನಿಯಾ ಸಚ್‌ದೇವ್, ಭಕ್ತಿ ಕುಲಕರ್ಣಿ. ನಾಲ್ಕನೇ ಸುತ್ತಿನಲ್ಲಿ ಹಂಗೇರಿ ಎದುರು ಮೂರು ಬೋರ್ಡು ಡ್ರಾ. ಗೆದ್ದವರು ತಾನಿಯಾ ಒಬ್ಬರೇ. ಎರಡೂವರೆ–ಒಂದೂವರೆ. ಆ ಪಂದ್ಯ ತಾನಿಯಾ ಗೆದ್ದುಕೊಟ್ಟ ಪಂದ್ಯ. ಕೊನೆಯ ಸುತ್ತಿಗೆ ಬರುವ ಹೊತ್ತಿಗೆ ಭಾರತ ಎಲ್ಲರಿಗಿಂತ ಮುಂದೆ. ಚಿನ್ನ ಕೈಗೆ ಬಂದೇ ಬಿಟ್ಟಿತು ಅನ್ನುವಷ್ಟು ಹತ್ತಿರ. ಅಮೆರಿಕ ಎದುರು ಕೂತರು. ಹಂಪಿ, ವೈಶಾಲಿ ಡ್ರಾ ಮಾಡಿದರು. ತಾನಿಯಾ, ಭಕ್ತಿ ಸೋತರು. 1–3. ಚಿನ್ನ ಉಕ್ರೇನ್‌ಗೆ, ಬೆಳ್ಳಿ ಜಾರ್ಜಿಯಾಕ್ಕೆ, ನಮಗೆ ಕಂಚು. ಊರಿನ ಕಪ್ ಅಲ್ಲ ಅದು. ಸ್ವಂತ ನೆಲದಲ್ಲಿ, ದೇಶವೆಲ್ಲ ನೋಡುತ್ತಿರುವಾಗ, ಕೊನೆಯ ದಿನ ಸೋತಿದ್ದು.

ತಾನಿಯಾ ಆಡುವುದು ಬಿಟ್ಟರಾ? ಎರಡು ವರ್ಷ ಆದಮೇಲೆ, 2024ರಲ್ಲಿ, ಬುಡಾಪೆಸ್ಟಿಗೆ ಹೋದ ತಂಡದಲ್ಲೂ ಅವರಿದ್ದರು. ಹಾರಿಕಾ, ವೈಶಾಲಿ, ದಿವ್ಯಾ ದೇಶ್‌ಮುಖ್, ವಂತಿಕಾ ಅಗರ್ವಾಲ್ ಜೊತೆ ಐದನೆಯವರಾಗಿ. ಚೆನ್ನೈನಲ್ಲಿ ಕ್ಯಾಪ್ಟನ್ ಆಗಿದ್ದ ಅಭಿಜಿತ್ ಕುಂಟೆ ಅವರೇ ಇಲ್ಲೂ ಕ್ಯಾಪ್ಟನ್. ಎಂಟನೇ ಸುತ್ತಿನಲ್ಲಿ ಪೋಲೆಂಡ್ ಎದುರು ಸೋತರು. ಒಂಬತ್ತನೆಯದರಲ್ಲಿ ಮತ್ತೆ ಅಮೆರಿಕ. ವೈಶಾಲಿ ಸೋತರು, ಎರಡು ಬೋರ್ಡು ಡ್ರಾ, ವಂತಿಕಾ ಗೆದ್ದು 2–2 ಮಾಡಿದರು. ಹತ್ತನೇ ಸುತ್ತಿನಲ್ಲಿ ಚೀನಾ. ಮೂರು ಡ್ರಾ, ದಿವ್ಯಾ ಒಂದು ಗೆಲುವು, ಎರಡೂವರೆ–ಒಂದೂವರೆ. ಕೊನೆಗೆ ಅಜರ್‌ಬೈಜಾನ್ ಎದುರು ಮೂರೂವರೆ–ಅರ್ಧ. 11 ಸುತ್ತಿಗೆ 22 ಅಂಕದಲ್ಲಿ 19 ಬಂತು, ಚಿನ್ನವೂ ಬಂತು. ಭಾರತದ ಮಹಿಳೆಯರಿಗೆ ಒಲಿಂಪಿಯಾಡಿನಲ್ಲಿ ಸಿಕ್ಕ ಮೊದಲ ಚಿನ್ನ ಅದು.

ಆ ಒಂಬತ್ತನೇ ಸುತ್ತನ್ನು ಮತ್ತೆ ನೋಡಿ. ನಿಮ್ಮ ಮಗಳ ತಂಡಕ್ಕೆ ಬಂದದ್ದೂ 2–2, ಅವರಿಗೆ ಬಂದದ್ದೂ 2–2. ಅಲ್ಲಿ ಒಬ್ಬರು ಸೋತಿದ್ದನ್ನು ಇನ್ನೊಬ್ಬರು ತುಂಬಿದರು. ವೈಶಾಲಿ ಮಾರನೇ ದಿನ ಮತ್ತೆ ಬೋರ್ಡಿಗೆ ಕೂತರು. ನಿಮ್ಮ ಮಗಳ ತಂಡದಲ್ಲಿ ಒಂದನೇ ಬೋರ್ಡಿನ ಹುಡುಗಿಯೂ ಸೋತಿದ್ದಾಳೆ ಅಲ್ವಾ? ಅವಳಿಂದ ಹೋಗಿದ್ದೂ ಒಂದು ಅಂಕ, ಇವಳಿಂದ ಹೋಗಿದ್ದೂ ಒಂದು ಅಂಕ. ಅವಳು ಬೇಗ ಸೋತಳು, ಇವಳು ಕೊನೆಗೆ ಸೋತಳು. ಕೊನೆಗೆ ಸೋತವರು ಎಲ್ಲರ ಕಣ್ಣಿಗೆ ಬೀಳುತ್ತಾರೆ, ಅಷ್ಟೇ ವ್ಯತ್ಯಾಸ. ಒಂದನೇ ಬೋರ್ಡಿನ ಹುಡುಗಿಯನ್ನು ಬೈಯಿರಿ ಅಂತ ನಾನು ಹೇಳುತ್ತಿಲ್ಲ. ಇಬ್ಬರನ್ನೂ ಬೈಯಬೇಡಿ ಅನ್ನುತ್ತಿದ್ದೇನೆ.

ಈಗ ಮುಂದಿನ ಪಂದ್ಯಕ್ಕೆ ಏನು ಮಾಡಬೇಕು ಅನ್ನುವುದು.

ಬೋರ್ಡಿನ ಕ್ರಮದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಹೆಸರು ಬರುವ ತಂಡಕ್ಕೆ ಒಂದು, ಮೂರರಲ್ಲಿ ಬಿಳಿ. ಎರಡು, ನಾಲ್ಕರಲ್ಲಿ ಕಪ್ಪು. ಇನ್ನೊಂದು ತಂಡಕ್ಕೆ ಇದರ ಉಲ್ಟಾ. ಒಮ್ಮೆ ಪಟ್ಟಿ ಕೊಟ್ಟ ಮೇಲೆ ಆ ಪಂದ್ಯಾವಳಿ ಮುಗಿಯುವವರೆಗೆ ಆ ಕ್ರಮ ಬದಲಾಗದು. ನಾಲ್ಕನೇ ಬೋರ್ಡು ಅಂದರೆ ಕೊನೆಯವಳು, ಸುಮಾರಾದವಳು ಅಂತ ಕೆಲವರು ತಿಳಿದಿದ್ದಾರೆ. ಬುಡಾಪೆಸ್ಟಿನಲ್ಲಿ ಮೂರನೇ ಬೋರ್ಡಿನ ದಿವ್ಯಾಗೆ, ನಾಲ್ಕನೇ ಬೋರ್ಡಿನ ವಂತಿಕಾಗೆ ತಮ್ಮ ತಮ್ಮ ಬೋರ್ಡಿನ ವೈಯಕ್ತಿಕ ಚಿನ್ನವೂ ಬಂತು. ತಂಡ ಗೆದ್ದಿದ್ದು ಕೆಳಗಿನ ಬೋರ್ಡುಗಳ ಬಲದಿಂದ.

ಡ್ರಾ ಕೇಳುವ ಕ್ರಮ ಗೊತ್ತಿರಲಿ. ಮೊದಲು ಬೋರ್ಡಿನ ಮೇಲೆ ತನ್ನ ನಡೆ ಆಡಬೇಕು. ಆಮೇಲೆ ಬಾಯಲ್ಲಿ ಡ್ರಾ ಕೇಳಬೇಕು. ಆಮೇಲೆ ಗಡಿಯಾರ ಒತ್ತಬೇಕು. ಸ್ಕೋರ್‌ಶೀಟಿನಲ್ಲಿ ಆ ನಡೆಯ ಪಕ್ಕ ಸಮ ಚಿಹ್ನೆ ಹಾಕಬೇಕು. ಇಬ್ಬರೂ ಹಾಕಬೇಕು. ನಿಮ್ಮ ಮಗಳ ಶೀಟಿನಲ್ಲಿ 24ರ ಪಕ್ಕ ಆ ಚಿಹ್ನೆ ಇಲ್ಲ. ಹಾಕಿದ್ದರೆ ಇವತ್ತು "ಯಾವಾಗ ಕೇಳಿದಳು, ಆಗ ಅಂಕ ಎಷ್ಟಿತ್ತು" ಅನ್ನುವ ಜಗಳಕ್ಕೆ ಲಿಖಿತ ಸಾಕ್ಷಿ ಇರುತ್ತಿತ್ತು. ಪದೇ ಪದೇ ಕೇಳಬಾರದು, ಅದು ಎದುರಿನವರಿಗೆ ತೊಂದರೆ ಕೊಟ್ಟ ಲೆಕ್ಕ ಆಗುತ್ತದೆ.

ಇನ್ನೊಂದು ಮುಖ್ಯ. 57ನೇ ನಡೆಯಲ್ಲಿ ಇವಳು ಆನೆಯನ್ನು ಬಿ6ರಲ್ಲಿ ಇಟ್ಟಿದ್ದರೂ ಎದುರಿನ ಹುಡುಗಿ ಡ್ರಾ ಒಪ್ಪಿಕೊಳ್ಳುತ್ತಿರಲಿಲ್ಲ. ಅವಳ ತಂಡ 1–2 ಹಿಂದಿತ್ತು, ಅವಳಿಗೆ ಗೆಲುವು ಬೇಕೇ ಬೇಕಿತ್ತು. ಆಡಿಸುತ್ತಲೇ ಇರುತ್ತಿದ್ದಳು. ಆಗ 50 ನಡೆಯ ನಿಯಮ ಇದೆ. ಯಾರೂ ಪಾನ್ ಮುಟ್ಟದೆ, ಯಾವ ಕಾಯಿಯೂ ಹೊಡೆಯದೆ ಇಬ್ಬರೂ 50 ನಡೆ ಆಡಿದರೆ ಡ್ರಾ ಹಕ್ಕು ಕೇಳಬಹುದು. ಕೊನೆಯ ಪಾನ್ ನಡೆ 57ರಲ್ಲಿ ಆಗಿತ್ತು. ಎದುರಿನವಳು 107ನೇ ನಡೆ ಆಡಿದ ಕೂಡಲೇ ಇವಳು ಗಡಿಯಾರ ನಿಲ್ಲಿಸಿ ಆರ್ಬಿಟರನ್ನು ಕರೆಯಬಹುದಿತ್ತು. 50 ನಡೆಗೆ 30 ಸೆಕೆಂಡಿನಂತೆ 25 ನಿಮಿಷ ಗಡಿಯಾರವೇ ಕೊಡುತ್ತದೆ, ಸಮಯದ ಭಯ ಇಲ್ಲ. ಒಂದೇ ಜಾಗ, ಅದೇ ಕಾಯಿಗಳು, ಅದೇ ಸರದಿ, ಮೂರು ಸಲ ಬಂದರೂ ಡ್ರಾ ಹಕ್ಕು ಕೇಳಬಹುದು. ಆದರೆ ಇದೆಲ್ಲ ಸ್ಕೋರ್‌ಶೀಟ್ ಸರಿಯಾಗಿ ಬರೆದವರಿಗೆ ಮಾತ್ರ. ನಿಮ್ಮ ಮಗಳು ಬರೆಯುತ್ತಾಳೆ. ಅರ್ಧ ಕೆಲಸ ಆಗಿದೆ.

ಉಳಿದರ್ಧಕ್ಕೆ ನೀವೇ ಬೇಕು. ಕೋಚ್ ಬೇಡ, ಕಂಪ್ಯೂಟರ್ ಬೇಡ. ಇವತ್ತು ರಾತ್ರಿ ಊಟ ಆದಮೇಲೆ ಬೋರ್ಡ್ ತೆಗೆದು ಆ ಐದು ಕಾಯಿ ಇಡಿ. ಬಿಳಿ ರಾಜ ಡಿ5, ಪಾನ್ ಇ5, ಆನೆ ಎ7. ಕಪ್ಪು ರಾಜ ಇ8, ಆನೆ ಬಿ1. ನೀವು ಬಿಳಿ, ಅವಳು ಕಪ್ಪು, ಮೊದಲ ನಡೆ ಅವಳದು. ನಿಮಗೆ ಕಾಯಿ ನಡೆಸಲು ಬರುತ್ತದೆ ಅಂದಿರಲ್ಲ, ಅಷ್ಟೇ ಸಾಕು. ಹೇಗೆ ಬೇಕಾದರೂ ಆಡಿ, ಗೆಲ್ಲಲು ನೋಡಿ. ಮೊದಲ ಸಲ ಅವಳು ಆನೆಯನ್ನು ಬಿ6ರಲ್ಲಿ ಇಟ್ಟು ಆಡಲಿ. ಮರುದಿನ ಬೇಕಂತಲೇ ಇ1ಕ್ಕೆ ತಂದು, ರಾಜನನ್ನು ಎಫ್8ಕ್ಕೆ ಒಯ್ದು ಆಡಲಿ. ಮೂರನೇ ದಿನ ಪಾನನ್ನು ಡಿ5ಕ್ಕೆ, ಬಿಳಿ ರಾಜನನ್ನು ಇ5ಕ್ಕೆ, ಕಪ್ಪು ರಾಜನನ್ನು ಡಿ8ಕ್ಕೆ ಬದಲಾಯಿಸಿ, ಚಿಕ್ಕ ಪಕ್ಕ ಯಾವುದು ಅಂತ ಅವಳೇ ಹೇಳಲಿ. ಮೊದಲ ದಿನ "ಬೇಡಮ್ಮ" ಅನ್ನಬಹುದು. ಒತ್ತಾಯ ಮಾಡಬೇಡಿ. ಕಾಯಿ ಇಟ್ಟು ನೀವೇ ಒಬ್ಬರೇ ಎರಡೂ ಕಡೆ ಆಡಿಕೊಂಡು ಕೂತಿರಿ, ತಪ್ಪು ತಪ್ಪಾಗಿ ಆಡಿ. ಚೆಸ್ ಆಡುವವರಿಗೆ ಪಕ್ಕದಲ್ಲಿ ಯಾರೋ ತಪ್ಪು ಆಡುತ್ತಿದ್ದರೆ ಸುಮ್ಮನಿರಲು ಆಗುವುದಿಲ್ಲ, ಅವಳೇ ಬಂದು ಕೂರುತ್ತಾಳೆ.

ಆ ಸ್ಕೋರ್‌ಶೀಟ್ ಹರಿಯಬೇಡಿ, ಅವಳಿಗೂ ಹರಿಯಲು ಬಿಡಬೇಡಿ. 58ನೇ ನಡೆಯಲ್ಲಿ ಹೊಡೆದುಹಾಕಿದ ಆ ಎಫ್8 ಸುತ್ತ ಕೆಂಪು ಪೆನ್ನಿನಲ್ಲಿ ಒಂದು ಸೊನ್ನೆ ಸುತ್ತಿ ಅವಳಿಗೆ ತೋರಿಸಿ. ಪಿ.ಡಿ. ಸರ್‌ಗೂ ತೋರಿಸಿ. ತಂಡದ ಮೂವರನ್ನೂ ಮನೆಗೆ ಕರೆದು ಒಂದು ಲೋಟ ಕಾಫಿ ಕೊಟ್ಟು, ಐದು ಕಾಯಿ ಇಟ್ಟು, "ನಿಮ್ಮಲ್ಲಿ ಯಾರಾದರೂ ಇದನ್ನು ಡ್ರಾ ಮಾಡಿ ತೋರಿಸಿ" ಅಂತ ಕೇಳಿ. ಯಾರಿಗಾದರೂ ಬಂದರೆ ನಿಮ್ಮ ಮಗಳು ಅವರಿಂದ ಕಲಿಯಲಿ. ಬರದಿದ್ದರೆ ಅವಳೇ ಹೇಳಿಕೊಡಲಿ.